ಹಿನ್ನೆಲೆಯ ಬಣ್ಣ

ಭಿತ್ತಿಯಿಲ್ಲದೆ ಚಿತ್ರವಿಲ್ಲವೆಂಬುದು ನಮ್ಮಲ್ಲಿ ಹಳೆಯ ಮಾತು. ಆದರೆ ಭಿತ್ತಿಯೂ ಚಿತ್ರದೊಡನೆ ಮಾತಾಡುತ್ತಿರುತ್ತದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ನನಗೆ ಅದು ತಿಳಿದದ್ದು ತಡವಾಗಿ, ಅದೂ ಒಂದು ತಪ್ಪು ಮಾಡಿದ ಮೇಲೆ.

ನಮ್ಮ ತಂದೆಯವರು ಹೆಸರಾಂತ ಗಮಕಿಗಳೇನಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಕುಳಿತು ಕುಮಾರವ್ಯಾಸನನ್ನು ಓದುವುದು ಅವರ ವಾಡಿಕೆ. ಅವರು ತೀರಿಕೊಳ್ಳುವ ಹಿಂದಿನ ವರ್ಷ ನನ್ನ ಅಕ್ಕನ ಮಗ ಆ ವಾಚನವನ್ನು ತನ್ನ ಫೋನಿನಲ್ಲಿ ಇಪ್ಪತ್ತು ನಿಮಿಷ ಸೆರೆಹಿಡಿದಿದ್ದ. ಬೆನ್ನ ಹಿಂದೆ ಹಳೆಯ ಗೋಡೆ. ಸುಣ್ಣ ಮಾಸಿದೆ, ದೀಪದ ಹೊಗೆ ಹಿಡಿದಿದೆ, ಸೂರಿನಿಂದ ಇಳಿದ ಮಳೆನೀರು ಉದ್ದಕ್ಕೆ ಕಲೆ ಬಿಟ್ಟಿದೆ. ವರ್ಷಾಂತಿಕದ ದಿನ ಬಂಧುಗಳಿಗೆ ಅದನ್ನು ತೋರಿಸುವುದೆಂದಾಯಿತು. ನನಗೋ ಆ ಗೋಡೆಯ ವಿಷಯದಲ್ಲಿ ನಾಚಿಕೆ. “ಹಿಂದಿನದನ್ನೆಲ್ಲ ತೆಗೆದು ಒಳ್ಳೆಯ ನೀಲಿ ಬಣ್ಣ ಹಾಕಿಬಿಡಪ್ಪ” ಎಂದೆ. “ಆಗಲಿ ಮಾವ, ಅದೇನು ದೊಡ್ಡದಲ್ಲ” ಎಂದ ಅವನು.

ನಿಜಕ್ಕೂ ದೊಡ್ಡದಲ್ಲ. ಚಿತ್ರೀಕರಣದ ಹೊತ್ತಿಗೇ ಹಿಂದೆ ಹಸಿರು ಪರದೆ ಕಟ್ಟಿದ್ದರೆ, ಆ ಹಸಿರು ಇರುವಲ್ಲೆಲ್ಲ ಚಿತ್ರ ಪಾರದರ್ಶಕವಾಗಲಿ ಎಂದು ಸಂಕಲನದ ತಂತ್ರಾಂಶಕ್ಕೆ ಹೇಳಿದರಾಯಿತು. ಮನುಷ್ಯನ ಮೈಬಣ್ಣದಲ್ಲಿ ಹಸಿರು ಕಡಿಮೆಯಾದ್ದರಿಂದ ಆ ಬಣ್ಣವನ್ನು ಆರಿಸಿಕೊಂಡಿದ್ದಾರೆ. ಪರದೆ ಇಲ್ಲದಿದ್ದರೆ ಆಳಿನ ಅಂಚನ್ನು ಗುರುತಿಸಿ, ಒಳಗಿನದನ್ನು ಉಳಿಸಿಕೊಂಡು ಹೊರಗಿನದನ್ನು ಬಿಡಿಸಬೇಕು. ಈಗ ಯಂತ್ರವೇ ಬಹುಮಟ್ಟಿಗೆ ಅಂಚನ್ನು ಹಿಡಿಯುತ್ತದೆ; ಕೂದಲಿನ ಎಳೆಗಳಲ್ಲಿ ಮಾತ್ರ ತೊಡಕು. ಹುಡುಗ ಒಂದು ಸಂಜೆಯಲ್ಲಿ ಕೆಲಸ ಮುಗಿಸಿದ.

ನೋಡಿದೆ. ಗೋಡೆ ಹೋಗಿತ್ತು. ಜೊತೆಗೆ ಇನ್ನೇನೋ ಹೋಗಿತ್ತು. ಕೆನ್ನೆಯ ಮೇಲೆ ದೀಪದ ಬೆಳಕಿದೆ, ಆ ಬೆಳಕು ಬೀಳುವ ಮನೆಯೇ ಇಲ್ಲ. ಮುಖ ಕಾಮಾಲೆಯಾದವರಂತೆ ಹಳದಿ ಕಾಣುತ್ತಿತ್ತು. ಮುಖದ ಬಣ್ಣವನ್ನು ತಾನು ಮುಟ್ಟಿಯೇ ಇಲ್ಲವೆಂದು ಹುಡುಗ ಪ್ರಮಾಣ ಮಾಡಿದ. ಅಕ್ಕ ಸ್ವಲ್ಪ ಹೊತ್ತು ನೋಡಿ, “ಅಪ್ಪ ಯಾವ ಊರಲ್ಲಿ ಕೂತು ಓದ್ತಿದ್ದಾರೋ?” ಎಂದಳು.

ಹುಡುಗ ಸುಳ್ಳು ಹೇಳಿರಲಿಲ್ಲ. ಪ್ಯಾರಿಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಮೇಲ್ವಿಚಾರಕನಾಗಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನ ಬಳಿಗೆ, ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂಬ ದೂರು ಬಂದಿತಂತೆ. ಅವನು ಪರೀಕ್ಷಿಸಿ ನೋಡಿದ. ನೂಲಿನ ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ಹೆಣೆದ ನೀಲಿ ಮತ್ತು ನೇರಿಳೆಗಳು ಅದನ್ನು ಕಂದಿಸುತ್ತಿದ್ದವು. ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ತನಗೆ ವಿರುದ್ಧವಾದ ದಿಕ್ಕಿಗೆ ತಳ್ಳುತ್ತದೆ ಎಂಬ ಈ ನಿಯಮವನ್ನು ಅವನು 1839ರಲ್ಲಿ ದೊಡ್ಡ ಗ್ರಂಥವಾಗಿಯೇ ಪ್ರಕಟಿಸಿದ. ನಮ್ಮ ಹೆಂಗಸರು ಗ್ರಂಥವಿಲ್ಲದೆಯೇ ಇದನ್ನು ಬಲ್ಲರು. ಇಳಕಲ್ಲಿನ ಕೆಂಪು ಸೆರಗು ಹಸಿರು ಒಡಲಿನ ಪಕ್ಕದಲ್ಲಿ ಉರಿಯುವಂತೆ ಬೇರೆ ಒಡಲಿನ ಪಕ್ಕದಲ್ಲಿ ಉರಿಯದು. ನೀಲಿಯ ಮುಂದೆ ಕುಳ್ಳಿರಿಸಿ ನಮ್ಮ ತಂದೆಯವರನ್ನು ನಾನೇ ಹಳದಿ ಮಾಡಿದ್ದೆ.

ಇದಾದ ಮೇಲೆ ಇಟಲಿಯ ನಿರ್ದೇಶಕ ಮೈಕೆಲಾಂಜೆಲೊ ಆಂಟೋನಿಯೋನಿಯ ಎರಡು ಚಿತ್ರಗಳನ್ನು ಮತ್ತೆ ನೋಡಿದೆ. ಹಿನ್ನೆಲೆಯ ಬಣ್ಣವನ್ನು ಬದಲಿಸುವುದು ಅಲಂಕಾರವಲ್ಲ, ಅರ್ಥದ ಪ್ರಶ್ನೆ ಎಂದು ಅವನಷ್ಟು ಗಂಭೀರವಾಗಿ ತಿಳಿದ ನಿರ್ದೇಶಕರು ವಿರಳ.

ಮೊದಲನೆಯದು 1964ರ ‘ಕೆಂಪು ಮರುಭೂಮಿ’. ಅವನ ಮೊದಲ ವರ್ಣಚಿತ್ರ. ರಾವೆನ್ನಾ ಪಟ್ಟಣದ ಕಾರ್ಖಾನೆಗಳ ನಡುವೆ, ಮನಸ್ಸಿನ ನೆಮ್ಮದಿ ಕಳೆದುಕೊಂಡ ಜೂಲಿಯಾನಾ ಎಂಬ ಗೃಹಿಣಿಯ ಕಥೆ. ಆಗ ಗಣಕಯಂತ್ರದ ನೆರವಿಲ್ಲ. ಆದ್ದರಿಂದ ಆಂಟೋನಿಯೋನಿ ನಿಜವಾದ ಹುಲ್ಲಿಗೆ, ಮರಗಳಿಗೆ, ಬೀದಿಗೆ ಬಣ್ಣ ಬಳಿಸಿದ. ಒಂದು ಬೀದಿಯಲ್ಲಿ ಹಣ್ಣಿನ ಗಾಡಿಯೊಂದಿದೆ. ಗಾಡಿಯೂ ಬೂದು, ಹಣ್ಣೂ ಬೂದು. ಅವಳ ಲೋಕದಲ್ಲಿ ರುಚಿಯೇ ಸತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುಂದೆ ಹೋಟೆಲಿನ ಕೋಣೆಯೊಂದರಲ್ಲಿ ಪರಪುರುಷನ ಸಂಗವಾದ ಮೇಲೆ ಆ ಕೋಣೆಯೇ ತಿಳಿಗುಲಾಬಿಯಾಗಿ ಕಾಣುತ್ತದೆ. ಅದು ಸುಖವೋ ಭ್ರಮೆಯೋ ನಾವೇ ತೀರ್ಮಾನಿಸಬೇಕು. ಮಗುವಿಗೆ ಅವಳು ಹೇಳುವ ಕಥೆಯ ಕಡಲತೀರದಲ್ಲಿ ಮಾತ್ರ ಮರಳು, ನೀರು, ಆಕಾಶಗಳು ತಮ್ಮ ಸಹಜ ವರ್ಣದಲ್ಲಿ ಹೊಳೆಯುತ್ತವೆ.

ಎರಡನೆಯದು ‘ಓಬರ್‌ವಾಲ್ಡ್ ರಹಸ್ಯ’. 1980ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡ ಇದನ್ನು ಇಟಲಿಯ ದೂರದರ್ಶನ ಸಂಸ್ಥೆಗಾಗಿ ವಿಡಿಯೊದಲ್ಲಿ ತೆಗೆದು, ಆಮೇಲೆ ಫಿಲ್ಮಿಗೆ ಇಳಿಸಿದರು. ಕಥೆ ಫ್ರೆಂಚ್ ಲೇಖಕ ಕೊಕ್ತೋನ ನಾಟಕದ್ದು. ವಿಧವೆಯಾದ ರಾಣಿಯನ್ನು ಕೊಲ್ಲಲು ಬಂದ ತರುಣ ಕವಿ, ಸತ್ತ ರಾಜನನ್ನೇ ಹೋಲುತ್ತಾನೆ. ಕೊಲೆಯ ಜಾಗದಲ್ಲಿ ಪ್ರೇಮ ಹುಟ್ಟುತ್ತದೆ. ಜೂಲಿಯಾನಾ ಆಗಿದ್ದ ಮೋನಿಕಾ ವಿಟ್ಟಿಯೇ ಇಲ್ಲಿ ರಾಣಿ. ವಿಡಿಯೊದಲ್ಲಿ ಚಿತ್ರವೆಂದರೆ ವಿದ್ಯುತ್ ಸಂಕೇತ. ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ಏರಿಸಿ ಇಳಿಸಿದರೆ ಬಣ್ಣ ಬದಲಾಗುತ್ತದೆ. ಮರಕ್ಕೆ ಬಣ್ಣ ಬಳಿಯಬೇಕಾಗಿಲ್ಲ. ಇಂದು ನನ್ನ ಸೋದರಳಿಯ ಮನೆಯಲ್ಲಿ ಕುಳಿತು ಮಾಡುವುದಕ್ಕೆ ಆಂಟೋನಿಯೋನಿ ಅಂದೇ ಕೈಹಾಕಿದ್ದ.

ಫಲವೇನು? ಪೊಲೀಸ್ ಮುಖ್ಯಸ್ಥನಾದ ಕುಟಿಲ ಕೌಂಟ್ ಬಂದಾಗ ಅವನೊಡನೆ ಒಂದು ನೇರಿಳೆ ಛಾಯೆಯೂ ಬರುತ್ತದೆ. ಮೊದಲ ಸಲ ಬೆರಗಾಗುತ್ತದೆ. ಬರಬರುತ್ತ, ‘ಇವನು ದುಷ್ಟ’ ಎಂದು ಯಾರೋ ಪಕ್ಕದಲ್ಲಿ ಕುಳಿತು ಪಿಸುಗುಟ್ಟಿದಂತೆ ತೋರುತ್ತದೆ.

ನಮ್ಮ ಕಾವ್ಯಮೀಮಾಂಸೆ ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲದು. ಭರತನೂ ರಸಗಳಿಗೆ ಬಣ್ಣ ಹೇಳಿದ್ದಾನೆ: ರೌದ್ರಕ್ಕೆ ಕೆಂಪು, ಕರುಣಕ್ಕೆ ಪಾರಿವಾಳದ ಬಣ್ಣ, ಅದ್ಭುತಕ್ಕೆ ಹಳದಿ. ಆದರೆ ರಸ ಹುಟ್ಟುವುದು ವಿಭಾವ ಅನುಭಾವಾದಿಗಳಿಂದ. ರಸವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದು ದೋಷವೆಂದು ಮಮ್ಮಟ ಎಣಿಸಿದ್ದಾನೆ. ಬೂದು ಹಣ್ಣಿನ ಗಾಡಿ ಉದ್ದೀಪನ ವಿಭಾವ. ಪಾತ್ರ ಅದರೊಳಗೆ ಬಾಳುತ್ತದೆ, ನಾವು ಅವಳೊಡನೆ ಆ ಬೀದಿಯಲ್ಲಿ ನಿಲ್ಲುತ್ತೇವೆ. ಕೌಂಟನ ನೇರಿಳೆ ಮಾತ್ರ ಹೆಸರು ಹೇಳುವ ಚೀಟಿ. ಉಪಕರಣ ಸುಲಭವಾದಂತೆ ಕಲೆ ಕಷ್ಟವಾಯಿತು ಎಂದೇ ನಾನು ಹೇಳುವೆ. ಹುಲ್ಲಿಗೆ ಬಣ್ಣ ಬಳಿಯುವವನು ಬಳಿಯುವ ಮೊದಲು ನೂರು ಸಲ ಯೋಚಿಸಬೇಕು. ಗುಂಡಿ ತಿರುಗಿಸುವವನಿಗೆ ಆ ಬಲವಂತವಿಲ್ಲ.

ಹಾಗೆಂದು ಉಪಕರಣವನ್ನು ದೂರುವುದು ನ್ಯಾಯವಲ್ಲ. ಚಿತ್ರಗಳ ಬಣ್ಣ ತಿದ್ದುವ ಪ್ರಸಿದ್ಧ ತಂತ್ರಾಂಶವೊಂದು ಇಟಲಿಯ ಮಹಾಚಿತ್ರಕಾರ ದ ವಿಂಚಿಯ ಹೆಸರನ್ನೇ ಹೊತ್ತಿದೆ. ಆ ಪುಣ್ಯಾತ್ಮ ಚಿತ್ರಕಾರರಿಗೆ ಬರೆದಿಟ್ಟ ಬುದ್ಧಿವಾದದಲ್ಲಿ ಹಿನ್ನೆಲೆಯ ವಿಚಾರವೂ ಇದೆ: ವಸ್ತುವಿನ ಬೆಳಗಿದ ಪಾರ್ಶ್ವದ ಹಿಂದೆ ಕತ್ತಲಿರಲಿ, ನೆರಳಿನ ಪಾರ್ಶ್ವದ ಹಿಂದೆ ಬೆಳಕಿರಲಿ. ಅಂದರೆ ಹಿನ್ನೆಲೆಯನ್ನು ಮುಂದಿನ ವಸ್ತುವನ್ನು ನೋಡಿಯೇ ಆರಿಸಬೇಕು. ನಾನು ನೀಲಿಯನ್ನು ಆರಿಸಿದ್ದು ತಂದೆಯವರನ್ನು ನೋಡಿ ಅಲ್ಲ. ಬರಲಿದ್ದ ಬಂಧುಗಳನ್ನು ನೆನೆದು.

ಹುಡುಗ ಮೂಲವನ್ನು ಅಳಿಸಿರಲಿಲ್ಲ. “ಗೋಡೆ ವಾಪಸು ಹಾಕು” ಎಂದಾಗ ಅವನು ನಕ್ಕ. ತನ್ನ ಕಡೆಯಿಂದ ಒಂದೇ ಒಂದು ಕೆಲಸ ಮಾಡಿದ: ಕತ್ತಲಲ್ಲಿ ಮುಳುಗಿದ್ದ ಗೋಡೆಯ ಎಡಭಾಗವನ್ನು ತುಸು ತಿಳಿಮಾಡಿದ. ದೀಪದ ಬೆಳಕಿಗೆ ಹೊಗೆಯ ಕಪ್ಪು ಹಿಂದೆ ಬಂತು, ಮುಖದ ಹಳದಿ ಹೋಗಿ ಜೀವ ಬಂತು. ಸಭಾಪರ್ವದ ಪದ್ಯವೊಂದರಲ್ಲಿ ದನಿ ಏರಿದಾಗ ಅವರ ನೆರಳು ಗೋಡೆಯ ಮೇಲೆ ಮುಂದಕ್ಕೆ ಬಾಗಿತು. ನೀಲಿಯಲ್ಲಿ ಆ ನೆರಳಿಗೆ ಬೀಳಲು ಸ್ಥಳವೇ ಇರಲಿಲ್ಲ.

ವರ್ಷಾಂತಿಕದ ದಿನ ಎಲ್ಲರೂ ಅದನ್ನೇ ನೋಡಿದರು. ಗೋಡೆಯ ವಿಷಯ ಎತ್ತಿದವರು ನಮ್ಮ ಚಿಕ್ಕಪ್ಪ ಒಬ್ಬರೇ. “ಸೂರು ಇನ್ನೂ ಸೋರುತ್ತದೇನಯ್ಯ?” ಎಂದು ಕೇಳಿದರು. ಸೋರುತ್ತದೆ. ಈ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿ, ಗೋಡೆಗೆ ಸುಣ್ಣ ಹೊಡೆಸಬೇಕೆಂದಿದ್ದೇನೆ. ಮನೆಯ ಗೋಡೆಗೆ ಮಾತ್ರ. ಚಿತ್ರದ ಗೋಡೆ ಹಾಗೆಯೇ ಇರಲಿ.