ಸೋಲುವ ಹಕ್ಕು ಯಾರಿಗಿದೆ?

ತಂತ್ರಜ್ಞಾನದ ಉದ್ಯಮಿಯಾಗುವುದು ಹೇಗೆಂದು ಹೇಳುವ ಪುಸ್ತಕ, ಭಾಷಣಗಳು ನಮ್ಮ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಿಗೂ ಬಂದಿವೆ. ಎಲ್ಲದರಲ್ಲೂ ಒಂದೇ ರಾಗ: ಧೈರ್ಯ ಬೇಕು, ಸೋತರೆ ಮತ್ತೆ ಏಳಬೇಕು. ಉದಾಹರಣೆಗೆ ಹುಬ್ಬಳ್ಳಿಯಲ್ಲೇ ಹುಟ್ಟಿದ ಗುರುರಾಜ ದೇಶಪಾಂಡೆ.

ಅವರ ದುಡಿಮೆಯನ್ನು ನಾವು ಹಳಿಯುವುದಿಲ್ಲ. ಅಮೆರಿಕದಲ್ಲಿ ಕಟ್ಟಿದ ಮೊದಲ ಕಂಪನಿ ಕೋರಲ್ ಅನ್ನು ಪಾಲುದಾರನೊಂದಿಗೆ ಹೊಂದದೆ ಬಿಟ್ಟರು. 1990ರಲ್ಲಿ ಕ್ಯಾಸ್ಕೇಡ್ ಕಟ್ಟಿದರು. 1997ರಲ್ಲಿ ಅದು ಸುಮಾರು 370 ಕೋಟಿ ಡಾಲರಿಗೆ ಮಾರಾಟವಾಯಿತು.

ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಕಟ್ಟಲು ಅವರ ಕಾಲಡಿ ನೆಲವಿತ್ತು: ಸರಕಾರಿ ಅಧಿಕಾರಿಯಾಗಿದ್ದ ತಂದೆ, ಮದ್ರಾಸಿನ ಐಐಟಿ, ಕೆನಡಾದ ಡಾಕ್ಟರೇಟ್. ಅವರು ಐಐಟಿ ಮುಗಿಸಿದ್ದು 1973ರಲ್ಲಿ. ಐಐಟಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಾತಿ ಶುರುವಾದದ್ದೂ ಅದೇ 1973ರಲ್ಲಿ! ಅವರು ಓದು ಮುಗಿಸಿ ಹೊರಗ ಬರೂ ಹೊತ್ತಿಗೆ ನಮ್ಮವರಿಗೆ ಬಾಗಿಲು ತೆರೀತು, ಅದೂ ಅರ್ಧ. ಯಶಸ್ಸಿನ ಕತೆ ಹೇಳುವವರು ಈ ತಾರೀಖು ಹೇಳುವುದಿಲ್ಲ.

ಸಾಲ ಮಾಡಿ ಇಂಜಿನಿಯರಿಂಗ್ ಓದಿದ ಕೇರಿಯ ಹುಡುಗ ಇಂದು ಗೋಕುಲ ರೋಡಿನ ದೇಶಪಾಂಡೆ ಸ್ಟಾರ್ಟಪ್ಸ್ ಕಟ್ಟಡಕ್ಕೆ ಹೋದಾನು. ಕೂಡಲು ಜಾಗ, ಸಲಹೆ ಸಿಕ್ಕಾವು. ಒಳ್ಳೆಯದೇ. ಎರಡು ವರ್ಷ ಪಗಾರಿಲ್ಲದ ಕುಂತರ ಮನೀಗೆ ಜ್ವಾಳ ತರೋರು ಯಾರ್ರಿ? ಅವನ ಕಂಪನಿ ಮುಳುಗಿದರೆ ಜೊತೆಗೆ ತಂಗಿಯ ಓದೂ ಮುಳುಗುತ್ತದೆ. ಇದನ್ನು ಲೆಕ್ಕ ಹಾಕಿಯೇ ಅವನು ಬ್ಯಾಂಕಿನ ಪರೀಕ್ಷೆಗೆ ಅರ್ಜಿ ಹಾಕುತ್ತಾನೆ. 'ಈ ಹುಡುಗರಿಗೆ ಧೈರ್ಯ ಇಲ್ಲ' ಅಂತಾರ ಭಾಷಣದವರು.