ಹಾಡಿಗೆ ಹಾಕಿದ ಬೀಗ

ರಾಜಾಜಿನಗರದ ಅಂಗಡಿಯಲ್ಲಿ ಕೊಂಡ ಶರೀಫರ ಪದಗಳ ಕ್ಯಾಸೆಟ್ಟು ಒಂದು ಕಾಲದಲ್ಲಿ ವಿಜಯನಗರದ ನೆಂಟರ ಮನೆಗೆ ಹೋಗಿ, ಅಲ್ಲಿಂದ ಕೆಂಗೇರಿಯ ಗೆಳೆಯರ ಕೈಸೇರಿ, ತಿಂಗಳ ಬಳಿಕ ನಮ್ಮ ಮನೆಗೆ ಮರಳುತ್ತಿತ್ತು. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು. ಅಂಗಡಿ ಮುಚ್ಚಿದರೂ ಕ್ಯಾಸೆಟ್ಟು ಹಾಡುತ್ತಿತ್ತು.

ಇಂದು ತಿಂಗಳಿಗಿಷ್ಟು ಎಂದು ಹಣ ಕಟ್ಟಿ ಮೊಬೈಲಿಗೆ ಇಳಿಸಿಕೊಂಡ ಹಾಡು ಆ ಆಪ್ ಬಿಟ್ಟು ಹೊರಗೆ ಬರುವುದಿಲ್ಲ. ಹಣ ಕಟ್ಟುವುದು ನಿಂತರೆ ಅದೂ ಮೂಕವಾಗುತ್ತದೆ. 2024ರ ಜನವರಿ 31ರಂದು ರೆಸ್ಸೊ ಆಪ್ ಭಾರತದಲ್ಲಿ ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದ ಮೇಲೆ ಕೇಳುಗನ ಕೈಯಲ್ಲಿ ಉಳಿಯುವುದೇನು?

ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಇಂದು ಎಲ್ಲರ ಸೊತ್ತು. ಧ್ವನಿಮುದ್ರಣದ ಲೆಕ್ಕವೇ ಬೇರೆ. ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ 1990ರಲ್ಲಿ ಪ್ರಕಟವಾದ ಮುದ್ರಣಕ್ಕೆ 60 ವರ್ಷದ ನಿಯಮದಂತೆ 2050ರ ಕೊನೆಯವರೆಗೆ ಹಕ್ಕಿದೆ. ಇದಕ್ಕೆ ನಮ್ಮ ತಕರಾರಿಲ್ಲ. ದುಡಿದವನ ಬೆವರು ಆರುವ ಮೊದಲೇ ಕೂಲಿ ಸಲ್ಲಬೇಕೆಂಬ ಬೋಧನೆ ಕೇಳಿ ಬೆಳೆದವರು ನಾವು. ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ರಾಯಲ್ಟಿಯ ಪಾಲು ಖಚಿತಪಡಿಸಿದ 2012ರ ತಿದ್ದುಪಡಿಯನ್ನು ಸ್ವಾಗತಿಸುತ್ತೇವೆ.

ಆದರೆ ಅದೇ ತಿದ್ದುಪಡಿ 65ಎ ಕಲಮನ್ನೂ ತಂದಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿದರೆ 2 ವರ್ಷದವರೆಗೆ ಸೆರೆ, ಜೊತೆಗೆ ದಂಡ. ಕಾಯಿದೆ ನಿಷೇಧಿಸದ ಕೆಲಸಕ್ಕೆ ಬೀಗ ತೆರೆಯಬಹುದೆಂದೂ ಅಲ್ಲೇ ಇದೆ. ಸ್ವಂತ ಬಳಕೆಗೆ ನ್ಯಾಯವಾದ ಉಪಯೋಗವನ್ನು 52ನೇ ಕಲಮು ಒಪ್ಪುತ್ತದೆ. ಆದರೆ ಬೀಗ ತೆರೆಯಲು ನೆರವಾದವನು, ನೆರವು ಪಡೆದವನ ಹೆಸರು ವಿಳಾಸ ಬರೆದಿಡಬೇಕು. ಕೀಲಿ ಕೊಡಬೇಕೆಂದು ಕಂಪೆನಿಗೆ ಮಾತ್ರ ಆ ಕಲಮು ಹೇಳುವುದಿಲ್ಲ. ಕಾಗದದಲ್ಲಿ ಹಕ್ಕಿದೆ, ಕೈಯಲ್ಲಿ ಕೀಲಿಯಿಲ್ಲ.

ಕರ್ನಾಟಕವು 2014ರಲ್ಲಿ ಗೂಂಡಾ ಕಾಯಿದೆಗೆ ‘ಡಿಜಿಟಲ್ ಅಪರಾಧಿ’ಗಳನ್ನು ಸೇರಿಸಿತು. ವ್ಯಾಪಾರಕ್ಕಾಗಿ ಕೃತಿಸ್ವಾಮ್ಯ ಮುರಿಯುವವರನ್ನು ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. ಕಳ್ಳ ನಕಲಿನ ಬಗ್ಗೆ ಇಷ್ಟು ಕಠೋರವಾದ ನಾವು, ಕೇಳುಗನಿಗಾಗುವ ನಷ್ಟದ ಬಗ್ಗೆ ಯಾಕೆ ಮೌನ?

ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ‘ಬೈಅ್’ ಎಂದರೆ ಮಾರಾಟ, ‘ಇಜಾರಾ’ ಎಂದರೆ ಬಾಡಿಗೆ. ಎರಡೂ ಧರ್ಮಸಮ್ಮತ. ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದು ಮೋಸ. ಬಾಡಿಗೆಯಾದರೆ ಬಾಡಿಗೆಯೆಂದೇ ದೊಡ್ಡಕ್ಷರದಲ್ಲಿ ಬರೆಯಲಿ. ಮಾರುವುದಾದರೆ ಬೀಗವಿಲ್ಲದೆ ಮಾರಲಿ. ಅದು ಅಸಾಧ್ಯವೇನಲ್ಲ, ಆಪಲ್ ಕಂಪೆನಿ ತನ್ನ ಐಟ್ಯೂನ್ಸ್ ಅಂಗಡಿಯ ಹಾಡುಗಳ ಬೀಗವನ್ನು 2009ರಲ್ಲೇ ತೆಗೆಯಿತು. ಕ್ಯಾಸೆಟ್ಟನ್ನು ಅಪ್ಪ ಮಗಳಿಗೆ ಬಿಟ್ಟುಹೋಗಬಹುದಿತ್ತು. ಹಣ ತೆತ್ತು ಕೊಂಡ ಶರೀಫರ ಪದವನ್ನೂ ಹಾಗೆಯೇ ಬಿಟ್ಟುಹೋಗುವಂತಿರಬೇಕು. ನಾವು ಕೇಳುವುದು ಇಷ್ಟೇ.