ಹತ್ತು ಸಾವಿರದ ಬಾಗಿಲು: ಲೆಗೊ ಐಡಿಯಾಸ್ ಬಗ್ಗೆ ಒಂದು ತಕರಾರು

ಲೆಗೊ ಇಟ್ಟಿಗೆ ಜೋಡಿಸೋದು ಈಗ ಮಕ್ಕಳ ಆಟ ಅಷ್ಟೇ ಅಲ್ಲ. ದೊಡ್ಡವರು ತಾವೇ ಮಾದರಿ ಕಟ್ಟಿ 'ಲೆಗೊ ಐಡಿಯಾಸ್'ಗೆ ಕಳಿಸ್ತಾರ. 10,000 ಜನ ಬೆಂಬಲಿಸಿದರ ಕಂಪನಿ ಅದನ್ನ ಪರಿಶೀಲನೆಗೆ ತಗೋತದ. ಮುಂದ ಯಾವ ಸೆಟ್ ಬರ್ತದ ಅನ್ನೋ ಹವ್ಯಾಸಿಗಳ ಚರ್ಚೆ ಈ ಸಂಖ್ಯೆಯ ಸುತ್ತಲೇ ತಿರಗ್ತದ. ನನ್ನ ತಕರಾರು ಇಲ್ಲೇ.

2008ರಲ್ಲಿ ಜಪಾನಿನಲ್ಲಿ 'ಕೂಸೂ' ಹೆಸರಿನಿಂದ ಇದು ಶುರುವಾದಾಗ 1,000 ಮತ ಸಾಕಿತ್ತು. ಹಾಗಾಗಿ 2011ರಲ್ಲಿ ಮೊದಲ ಸೆಟ್ಟಾಗಿ ಬಂದದ್ದು ಶಿಂಕಾಯ್ 6500, ಜಪಾನೀಯರ ಆಳಸಮುದ್ರ ಸಂಶೋಧನಾ ನೌಕೆ. ಹೊರಗಿನ ಎಷ್ಟು ಮಂದಿಗೆ ಅದರ ಹೆಸರು ಗೊತ್ತು? ಜಗತ್ತಿಗೆಲ್ಲ ತೆರೆದ ಮೇಲೆ ಮಿತಿ ಹತ್ತು ಪಟ್ಟಾಯಿತು.

ವಿಜಯಪುರದ ಗೋಳಗುಮ್ಮಟ ತಗೋರಿ. ಚೌಕ ಕೋಣೆ, ಒಂದನ್ನೊಂದು ಛೇದಿಸುವ ಕಮಾನುಗಳು, ಮೇಲೆ ಸುಮಾರು 44 ಮೀಟರ್ ಅಗಲದ ಗುಮ್ಮಟ. ಚೌಕದಿಂದ ದುಂಡಕ್ಕೆ ಹೋಗೋದು ಲೆಗೊ ಕಟ್ಟುವವರಿಗೂ ಅದೇ ಕಠಿಣ ಲೆಕ್ಕ. ವಿಮರ್ಶೆ ನೋಡಬೇಕಾದ್ದು ಆ ಲೆಕ್ಕ ಹೆಂಗ ಬಿಡಿಸಿದ್ದಾರ ಅಂತ. ಮತ ಹಾಕೋರು ಮೊದಲು ಕೇಳೋದು, 'ಇದು ಯಾವ ಕಟ್ಟಡ?' ತಾಜಮಹಲಿಗೆ ಆ ಪ್ರಶ್ನೆಯೇ ಇಲ್ಲ. ಯಾರ ಮತವೂ ಬೇಡದೆ 2008ರಲ್ಲಿ ಕಂಪನಿ ತಾನೇ 5,922 ತುಣುಕಿನ ಸೆಟ್ ತಂತು.

ಜಳಕೋಟದವಳು ನಾನು. ಮಹಾರಾಷ್ಟ್ರದಾಗ ಕನ್ನಡ ಮಾತಾಡೋ ನಾವು ತಲೆ ಎಣಿಸೋ ಕಡೆ ಯಾವಾಗಲೂ ಕಡಿಮೆ ಬೀಳ್ತೀವಿ, ಅದಕ್ಕೇ ಈ ಸಂಖ್ಯೆ ನನಗ ಚುಚ್ಚಿತೇನೋ. ಪ್ರದೇಶಕ್ಕೊಂದು 1,000ದ ಬಾಗಿಲು ಮತ್ತ ತೆರೆದರ, ಚರ್ಚೆಯೊಳಗ ಹೆಸರಿಗಿಂತ ಕಟ್ಟಿದ ರೀತಿಯ ಮಾತು ಬಂದೀತು. ಪ್ರಶ್ನೆ ಇದ್ದರ ಕೇಳ್ರಿ.